ಓದುಗರ ಪ್ರಶ್ನೆ – ನಮ್ಮ ಉತ್ತರ: ಗ್ರಂಥಾಲಯ, ಪತ್ರಾಗಾರಗಳಲ್ಲಿ ಸ್ಟೈಪೆಂಡ್ ಸಹಿತ ತರಬೇತಿ

ಗ್ರಂಥಾಲಯ ವಿಜ್ಞಾನ ಮತ್ತು ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿಗಳು ಬರೆದ ಪತ್ರಗಳು ಈ ಬಾರಿ ಹೆಚ್ಚಾಗಿ ಬಂದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಬಿಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇನೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾನು ತುಮಕೂರಿನವಳು, ಎಂ.ಲಿಬ್. ಕೊನೆಯ ಸೆಮಿಸ್ಟರ್ ಮುಗಿಯುತ್ತಿದೆ. ಮನೆಯಿಂದಲೇ ಓಡಾಡಬಹುದಾದ ಖಾಸಗಿ ಕಾಲೇಜೊಂದರ ಗ್ರಂಥಾಲಯಕ್ಕೆ ಆರು ತಿಂಗಳು ಇಂಟರ್ನ್ ಆಗಿ ಬರಲು ಹೇಳಿದ್ದಾರೆ. ಸಂಬಳವಿಲ್ಲ, ಕೊನೆಯಲ್ಲಿ ಪ್ರಮಾಣಪತ್ರ ಕೊಡುತ್ತಾರಂತೆ. ಇನ್ನೊಂದು ಕಡೆ, ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಒಂದು ವರ್ಷದ ಟ್ರೈನಿಯಾಗಿ ಆಯ್ಕೆಯಾಗಿದ್ದೇನೆ. ತಿಂಗಳಿಗೆ 15,000 ರೂಪಾಯಿ. ಅಲ್ಲಿ ಪಿ.ಜಿ. ವಸತಿಗೇ 8,500 ರೂಪಾಯಿ ಆಗುತ್ತದೆ. 'ಅಷ್ಟು ದೂರ ಹೋಗಿ ಉಳಿಸುವುದೇನು, ಊರಲ್ಲೇ ಅನುಭವ ಆಗಲಿ' ಎನ್ನುತ್ತಾರೆ ಅಪ್ಪ. ಏನು ಮಾಡಲಿ?

ಉತ್ತರ: ಬೆಂಗಳೂರಿಗೆ ಹೋಗಿ. ನಿಮ್ಮ ತಂದೆಯವರ ಲೆಕ್ಕದಲ್ಲಿ ತಪ್ಪಿಲ್ಲ. ಬಾಡಿಗೆ ಕಳೆದು ಉಳಿಯುವ 6,500 ರೂಪಾಯಿಯಲ್ಲಿ ಬಸ್ಸು, ಊಟ, ಮೊಬೈಲ್ ಎಲ್ಲವೂ ಆಗಬೇಕೆಂದರೆ ತಿಂಗಳ ಕೊನೆಯ ವಾರ ಕಷ್ಟವೇ. ಆದರೆ ಕಾಲೇಜಿನವರು ಹೇಳುತ್ತಿರುವ 'ಅನುಭವ' ಯಾವುದು ಎಂಬುದನ್ನು ಅವರು ಕೇಳಿಲ್ಲ, ನೀವೂ ಕೇಳಿದಂತೆ ಕಾಣುವುದಿಲ್ಲ. ಪಠ್ಯಕ್ರಮದ ಭಾಗವಾಗಿ, ಅಂಕಕ್ಕಾಗಿ, ಕೆಲವು ವಾರ ಸಂಬಳವಿಲ್ಲದೆ ಒಂದು ಗ್ರಂಥಾಲಯದಲ್ಲಿ ಕುಳಿತು ಕಲಿಯುವುದು ಒಂದು ಮಾತು. ಪದವಿ ಕೈಗೆ ಬಂದ ಮೇಲೆ ಆರು ತಿಂಗಳು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕೌಂಟರಿನಲ್ಲಿ ಕುಳಿತು ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು ಬೇರೆಯೇ ಮಾತು. ಅದು ಸಂಬಳ ಕೊಟ್ಟು ಒಬ್ಬ ಸಹಾಯಕರಿಂದ ಮಾಡಿಸಬೇಕಾದ ಕೆಲಸ. ಅದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರಿಟ್ಟರೆ ಉಳಿಯುವುದು ಕಾಲೇಜಿನ ದುಡ್ಡು, ಹೋಗುವುದು ನಿಮ್ಮ ಆರು ತಿಂಗಳು.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ನನ್ನದೇ ಒಂದು ತಪ್ಪು ಕಾರಣ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಗ್ರಂಥಾಲಯವೊಂದಕ್ಕೆ ಒಬ್ಬ ಹುಡುಗಿ ಸಂಬಳವಿಲ್ಲದ ತರಬೇತಿಗೆ ಬಂದಿದ್ದಳು. ಪುಸ್ತಕಗಳಿಗೆ ಬಾರ್‌ಕೋಡ್ ಹಚ್ಚುವ ಕೆಲಸ ಬಾಕಿಯಿತ್ತು. ಅವಳು ಅಚ್ಚುಕಟ್ಟಾಗಿ ಹಚ್ಚುತ್ತಿದ್ದಳು, ನಾವು ಹಚ್ಚಿಸುತ್ತಲೇ ಹೋದೆವು. ನಾಲ್ಕು ತಿಂಗಳ ನಂತರ ಬೇರೆಡೆ ಸಂದರ್ಶನಕ್ಕೆ ಹೋದಾಗ 'ಮಾರ್ಕ್ 21ರಲ್ಲಿ 245ನೇ ಟ್ಯಾಗ್ ಯಾವುದು?' ಎಂದು ಕೇಳಿದರಂತೆ. ಮಾರ್ಕ್ 21 ಎಂದರೆ ಪುಸ್ತಕದ ವಿವರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಮಾದರಿ, ಅದರಲ್ಲಿ ಶೀರ್ಷಿಕೆಯ ಜಾಗ ಅದು. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶದಲ್ಲಿ ಹತ್ತು ಪುಸ್ತಕಗಳನ್ನು ತಾವೇ ಕ್ಯಾಟಲಾಗ್ ಮಾಡಿದವರಿಗೆ ಬಾಯಿಪಾಠವಾಗಿರುತ್ತದೆ. ಅವಳಿಗೆ ಉತ್ತರ ಹೊಳೆಯಲಿಲ್ಲ. ಕೈಯಲ್ಲಿದ್ದ ಪ್ರಮಾಣಪತ್ರಕ್ಕೆ ನನ್ನದೇ ಸಹಿಯಿತ್ತು.

ಆದ್ದರಿಂದ ಬೆಂಗಳೂರಿನ ಸಂಸ್ಥೆಯವರನ್ನೂ ಸುಮ್ಮನೆ ಒಪ್ಪಿಕೊಳ್ಳಬೇಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯ, ಐಐಎಂಗಳು ಹಾಗೂ ಇತರ ಸಂಶೋಧನಾ ಸಂಸ್ಥೆಗಳು ಗ್ರಂಥಾಲಯ ಟ್ರೈನಿಗಳನ್ನು ನಿಗದಿತ ಅವಧಿಗೆ ತೆಗೆದುಕೊಳ್ಳುವ ಪದ್ಧತಿ ಬಹಳ ಹಿಂದಿನದು. ಇವು ಕಾಯಂ ಹುದ್ದೆಗಳಲ್ಲ, ಕಾಯಂ ಆಗುವ ಭರವಸೆಯೂ ಇರುವುದಿಲ್ಲ. ಅವುಗಳ ಬೆಲೆಯಿರುವುದು ಕೆಲಸದ ವೈವಿಧ್ಯದಲ್ಲಿ. ಹಾಗಾಗಿ ಸೇರುವ ಮುನ್ನ, ಪುಸ್ತಕ ಖರೀದಿ, ಕ್ಯಾಟಲಾಗಿಂಗ್, ನಿಯತಕಾಲಿಕಗಳು, ಸಂಸ್ಥೆಯ ಪ್ರಬಂಧಗಳನ್ನು ಡಿಸ್ಪೇಸ್ ಎಂಬ ಡಿಜಿಟಲ್ ಸಂಗ್ರಹದ ತಂತ್ರಾಂಶದಲ್ಲಿ ಸೇರಿಸುವ ವಿಭಾಗ ಇವುಗಳಲ್ಲಿ ಯಾವುದರಲ್ಲಿ ಎಷ್ಟು ತಿಂಗಳು ಇಡುತ್ತಾರೆ ಎಂದು ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ. ಕ್ಯಾಂಪಸ್ಸಿನ ಹಾಸ್ಟೆಲಿನಲ್ಲಿ ಟ್ರೈನಿಗಳಿಗೆ ಜಾಗ ಉಂಟೇ ಎಂದೂ ವಿಚಾರಿಸಿ. ನಾಚಿಕೊಂಡು ಕೇಳದೆ ಹೊರಗೆ ಪಿ.ಜಿ. ಹಿಡಿದವರನ್ನು ಕಂಡಿದ್ದೇನೆ.

ಇನ್ನೊಂದು ಸಣ್ಣ ವಿಷಯ, ಸಣ್ಣದಾದರೂ ದುಡ್ಡಿನದು. ಕೆಲವು ಸಂಸ್ಥೆಗಳು ಟ್ರೈನಿಗಳಿಗೆ ಕೊಡುವ ಹಣವನ್ನು ವೃತ್ತಿಪರ ಶುಲ್ಕವೆಂದು ಪರಿಗಣಿಸಿ ಶೇಕಡ 10ರಷ್ಟು ತೆರಿಗೆ ಮುರಿದುಕೊಳ್ಳುತ್ತವೆ. ನಿಮ್ಮ ಮೊತ್ತದಲ್ಲಿ ಅದು ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ. ಬೇರೆ ಆದಾಯವಿಲ್ಲದಿದ್ದರೆ ನಿಮ್ಮ ವರಮಾನ ತೆರಿಗೆಯ ಮಿತಿಗಿಂತ ಬಹಳ ಕೆಳಗಿರುವುದರಿಂದ, ರಿಟರ್ನ್ ಸಲ್ಲಿಸಿದರೆ ಅಷ್ಟೂ ಹಣ ಹಿಂದಕ್ಕೆ ಬರುತ್ತದೆ. ಹೆಚ್ಚಿನ ಟ್ರೈನಿಗಳು ರಿಟರ್ನ್ ಎಂದರೆ ಸಂಬಳದಾರರ ವಿಷಯ ಎಂದುಕೊಂಡು ಆ ಹಣವನ್ನು ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯನ್ನು ತಕ್ಕಮಟ್ಟಿಗೆ ಓದಬಲ್ಲೆ. ಗ್ರಂಥಾಲಯ ವಿಜ್ಞಾನದ ಪದವಿ ನನಗಿಲ್ಲ. ಪತ್ರಾಗಾರಗಳಲ್ಲಿ ಹಣ ಕೊಟ್ಟು ತರಬೇತಿ ನೀಡುವ ಅವಕಾಶ ನನ್ನಂಥವರಿಗೆ ಇದೆಯೇ? ಅಲ್ಲಿ ನಿಜಕ್ಕೂ ಮಾಡುವ ಕೆಲಸವೇನು?

ಉತ್ತರ: ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಯಾರೂ ಕೇಳುವುದಿಲ್ಲ. ಗ್ರಂಥಾಲಯದಲ್ಲಿರುವ ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತದೆ. ಪತ್ರಾಗಾರದಲ್ಲಿರುವ ಕಡತ ಸಾಮಾನ್ಯವಾಗಿ ಅದೊಂದೇ. ಅಲ್ಲಿನ ಶಿಸ್ತೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತದೆ. ಮೊದಲ ದಿನ ನಿಮ್ಮ ಮುಂದೆ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ಇಡುತ್ತಾರೆ ಎನ್ನಿ. ಗಂಟು ಬಿಚ್ಚಿ, ಒಳಗಿನ ಹಾಳೆಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಮೊದಲು ಬರೆದುಕೊಳ್ಳಬೇಕು. ದಿನಾಂಕದ ಪ್ರಕಾರ ಜೋಡಿಸಿಬಿಡೋಣ ಎಂದು ಕೈ ತುರಿಸುತ್ತದೆ, ಜೋಡಿಸಬಾರದು. ಒಬ್ಬ ಗುಮಾಸ್ತ ಯಾವ ಪತ್ರದ ಹಿಂದೆ ಯಾವ ಪತ್ರ ಇಟ್ಟ ಎಂಬುದೂ ಒಂದು ಸಾಕ್ಷ್ಯ. ಮೆತ್ತನೆಯ ಬ್ರಷ್‌ನಿಂದ ಹಾಳೆಯ ನಡುವಿನಿಂದ ಅಂಚಿನ ಕಡೆಗೆ ಧೂಳು ತೆಗೆಯಬೇಕು. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆದರೆ ಕಾಗದವೂ ಅದರ ಜೊತೆ ಬರುತ್ತದೆ. ಅದರ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನವಾಗಿ ಬಿಡಿಸಬೇಕು. ಹಾಳೆಯ ಸಂಖ್ಯೆಯನ್ನು ಮೂಲೆಯಲ್ಲಿ ಪೆನ್ಸಿಲ್‌ನಿಂದ ಮಾತ್ರ ಬರೆಯಬೇಕು. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಿದವರಿಗೆ ಪತ್ರಾಗಾರದಲ್ಲಿ ಕ್ಷಮೆಯಿಲ್ಲ. ಇಷ್ಟಾದ ಮೇಲೆ ಗಂಟಿನಲ್ಲಿ ಏನಿದೆ ಎಂದು ಮುಂದಿನ ಸಂಶೋಧಕರಿಗೆ ತಿಳಿಸುವ ವಿವರಣಾತ್ಮಕ ಸೂಚಿ ಬರೆಯಬೇಕು. ನಿಮ್ಮ ಇತಿಹಾಸದ ಓದು ಕೆಲಸಕ್ಕೆ ಬರುವುದು ಅಲ್ಲಿ. ದಿನಕ್ಕೆ ಒಂದು ಗಂಟು ಮುಗಿದರೆ ಅದು ಒಳ್ಳೆಯ ದಿನ.

ಇನ್ನು ಅವಕಾಶಗಳ ಮಾತು. 1973ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ನಿಮ್ಮ ಊರಿನಲ್ಲೇ ವಿಭಾಗೀಯ ಕಚೇರಿಯಿದೆ. ಮೈಸೂರು, ಕಲಬುರಗಿಗಳಲ್ಲಿಯೂ ಇವೆ. ಮೊದಲು ಅಲ್ಲಿ ಸಂಶೋಧನಾರ್ಥಿಯಾಗಿ ನೋಂದಾಯಿಸಿಕೊಂಡು ದಾಖಲೆ ಓದಲು ಕುಳಿತುಕೊಳ್ಳಿ. ಅಲ್ಲಿನ ಸಿಬ್ಬಂದಿಗೆ ನಿಮ್ಮ ಮುಖ ಮತ್ತು ನಿಮ್ಮ ಮೋಡಿ ಎರಡೂ ಪರಿಚಯವಾದರೆ, ಪಟ್ಟಿ ಮಾಡುವ ಅಥವಾ ಡಿಜಿಟಲೀಕರಣದ ಯೋಜನೆ ಬಂದಾಗ ನೆನಪಿಸಿಕೊಳ್ಳುವುದು ನಿಮ್ಮನ್ನೇ. ಹಣ ಕೊಡುವ ವಿಷಯದಲ್ಲಿ ಈಚಿನ ವರ್ಷಗಳಲ್ಲಿ ಸರ್ಕಾರೇತರ ಪತ್ರಾಗಾರಗಳು ಹೆಚ್ಚು ಮುಂದಿವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, 2019ರಲ್ಲಿ ಸಾರ್ವಜನಿಕರಿಗೆ ತೆರೆದ ಪತ್ರಾಗಾರ ವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ್ದು. ಅಲ್ಲಿಗೆ ವಿಜ್ಞಾನ ಓದಿದವರೇ ಬೇಕೆಂದಿಲ್ಲ. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು ಪತ್ರಾಗಾರ ಮತ್ತು ವಸ್ತುಸಂಗ್ರಹಾಲಯಗಳಲ್ಲಿ ಕೆಲಸ ಮಾಡಲು ಫೆಲೋಶಿಪ್ ನೀಡುತ್ತ ಬಂದಿದೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ ಬಾಸೆಲ್ ಮಿಷನ್ನಿನ ಕಾಲದ ಕನ್ನಡವನ್ನು ನೋಡಬಯಸುವವರಿಗೆ ದೊಡ್ಡ ಗಣಿ. ಆದರೆ ಅದನ್ನು ಸಂಬಳದ ಆಸೆಯಿಂದಲ್ಲ, ಅಭ್ಯಾಸಕ್ಕಾಗಿ ಹೇಳುತ್ತಿದ್ದೇನೆ.

ಮೋಡಿಯ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಹಳೆಯ ಮುಂಬೈ ಕರ್ನಾಟಕದ ಕಂದಾಯ, ಇನಾಂ, ದೇಸಗತಿ ಕಾಗದಗಳಲ್ಲಿ ಬಹಳಷ್ಟು ಮೋಡಿಯಲ್ಲಿವೆ. ಪೇಶ್ವೆಗಳ ಆಡಳಿತದ ಕಾಗದಗಳಿರುವ ಪುಣೆಯ ಪೇಶ್ವೆ ದಫ್ತರದಲ್ಲಿ ರುಮಾಲುಗಳಲ್ಲಿ ಕಟ್ಟಿಟ್ಟ ರಾಶಿಯೇ ಇದೆ. ಈ ಲಿಪಿ ಓದಬಲ್ಲ, ಜೊತೆಗೆ ಕನ್ನಡವೂ ಬಲ್ಲ ಯುವಕರು ಬೆರಳೆಣಿಕೆಯಷ್ಟು. ಅರ್ಜಿಯಲ್ಲಿ 'ಮೋಡಿ ಲಿಪಿಯ ಜ್ಞಾನವಿದೆ' ಎಂದು ಒಂದು ಸಾಲು ಬರೆದು ಸುಮ್ಮನಾಗಬೇಡಿ. ನೀವು ಓದಿದ ಒಂದು ಪುಟದ ಛಾಯಾಪ್ರತಿ, ಅದರ ದೇವನಾಗರಿ ಲಿಪ್ಯಂತರ, ಕನ್ನಡ ಸಾರಾಂಶ ಮೂರನ್ನೂ ಲಗತ್ತಿಸಿ. ಹತ್ತು ಶಿಫಾರಸು ಪತ್ರಗಳು ಮಾಡದ ಕೆಲಸವನ್ನು ಆ ಮೂರು ಹಾಳೆಗಳು ಮಾಡುತ್ತವೆ.

ಔಪಚಾರಿಕ ಅರ್ಹತೆ ಬೇಕೆನಿಸಿದರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಸ್ಕೂಲ್ ಆಫ್ ಆರ್ಕೈವಲ್ ಸ್ಟಡೀಸ್‌ನಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ದಾಖಲೆಗಳ ಸಂರಕ್ಷಣೆ ಮತ್ತು ದುರಸ್ತಿಗೆ ಸಂಬಂಧಿಸಿದ ಅಲ್ಪಾವಧಿ ಕೋರ್ಸುಗಳೂ ಇವೆ. ಒಂದು ವರ್ಷದ ದೆಹಲಿ ವಾಸ ಭಾರವಾಗುವುದಾದರೆ ಅಲ್ಪಾವಧಿ ಕೋರ್ಸಿನಿಂದ ಆರಂಭಿಸಿ.

ಹಸ್ತಪ್ರತಿ ಯೋಜನೆಗಳ ಕುರಿತು ಒಂದು ಎಚ್ಚರಿಕೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಯೋಜನೆಯನ್ನು ಪ್ರಕಟಿಸಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣದ ಗುರಿ ಹಾಕಿಕೊಂಡ ಮೇಲೆ, ತಾಳೆಗರಿ ಕೆಲಸಕ್ಕೆ ಯುವಕರನ್ನು ಕೇಳುವುದು ಹೆಚ್ಚಾಗಿದೆ. ಇಂಥ ಕೆಲಸಗಳಲ್ಲಿ ಕೆಲವೊಮ್ಮೆ ತಿಂಗಳ ಸಂಬಳದ ಬದಲು ಎಣಿಕೆಯ ಮೇಲೆ ಹಣ ಕೊಡುತ್ತಾರೆ. ಎಣಿಕೆ ಗರಿಯದೋ ಪುಟದ್ದೋ ಎಂದು ಮೊದಲೇ ಬರೆಯಿಸಿಕೊಳ್ಳಿ. ಗರಿಯ ಎರಡೂ ಮುಖಗಳಲ್ಲಿ ಬರಹವಿರುತ್ತದೆ. ಪುಟದ ಲೆಕ್ಕವೆಂದು ನೀವು ತಿಳಿದಿದ್ದು, ಅವರು ಗರಿಯ ಲೆಕ್ಕದಲ್ಲಿ ಕೊಟ್ಟರೆ ಸರಿಯಾಗಿ ಅರ್ಧ ಹಣ ಹೋಗುತ್ತದೆ. ಹಾಗೆಯೇ ಮಸಿ ಮಾಸಿದ ಗರಿಗೆ ಹೆಚ್ಚು ಸಮಯ ಬೇಕು. ಆ ಸಮಯಕ್ಕೆ ಹಣ ಯಾರು ಕೊಡುತ್ತಾರೆ ಎಂದೂ ಕೇಳಿ.

ಪ್ರಶ್ನೆ: ಕಳೆದ ವರ್ಷ ಎಂ.ಲಿಬ್. ಮುಗಿಸಿದ್ದೇನೆ, ಊರು ಕಲಬುರಗಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ, ಅಪ್ರೆಂಟಿಸ್ ಯೋಜನೆ, ಯುವನಿಧಿ ಇವುಗಳಲ್ಲಿ ಯಾವುದು ನನಗೆ ಅನ್ವಯಿಸುತ್ತದೆ? ಎರಡನ್ನು ಒಟ್ಟಿಗೆ ಪಡೆಯಬಹುದೇ?

ಉತ್ತರ: ಮೊದಲನೆಯದು ಅನ್ವಯಿಸುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದಾಗ ಹಾಕಿದ ಷರತ್ತಿನಲ್ಲೇ ಆ ಯೋಜನೆ 21ರಿಂದ 24 ವರ್ಷದವರಿಗೆ ಸೀಮಿತವಾಗಿದ್ದು, ಸ್ನಾತಕೋತ್ತರ ಪದವಿ ಪಡೆದವರನ್ನು ಹೊರಗಿಟ್ಟಿತು. ಹೆಚ್ಚು ಓದಿದ್ದೇ ಅನರ್ಹತೆಯಾಗುವುದು ವಿಚಿತ್ರವೆನಿಸಿದರೂ ನಿಯಮ ಹಾಗಿದೆ.

ನಿಮಗೆ ಸರಿಹೊಂದುವುದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಅಂದರೆ ನ್ಯಾಟ್ಸ್. 1961ರ ಅಪ್ರೆಂಟಿಸ್ ಕಾಯ್ದೆ ಮೊದಲು ಕಾರ್ಖಾನೆಯ ಕಸಬುಗಳಿಗೆ ಮಾತ್ರ ಇತ್ತು. 2014ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ಬಾಗಿಲು ತೆರೆಯಿತು. ಇಸ್ರೊದ ಕೆಲವು ಕೇಂದ್ರಗಳ ಅಪ್ರೆಂಟಿಸ್ ಪ್ರಕಟಣೆಗಳಲ್ಲಿ ಈಗ ಗ್ರಂಥಾಲಯ ವಿಜ್ಞಾನವೂ ಕಾಣಿಸಿಕೊಳ್ಳುತ್ತದೆ. ಪದವೀಧರರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ ಎಂದು 2019ರ ನಿಯಮಗಳು ಗೊತ್ತುಮಾಡಿದವು. ಇದು ಕೆಳಮಿತಿ ಮಾತ್ರ, ಸಂಸ್ಥೆ ಹೆಚ್ಚು ಕೊಡಲು ಅಡ್ಡಿಯಿಲ್ಲ. ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಿಮ್ಮ ಊರಿನ ಯಾವುದಾದರೂ ದೊಡ್ಡ ಸಂಸ್ಥೆ 'ನಮ್ಮಲ್ಲಿ ಹಣವಿಲ್ಲ' ಎಂದರೆ ಈ ಮಾತನ್ನು ವಿನಯದಿಂದ ನೆನಪಿಸಬಹುದು. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ನೌಕರನಲ್ಲ, ತರಬೇತಿ ಪಡೆಯುವವನು. ಆದ್ದರಿಂದ ಭವಿಷ್ಯನಿಧಿ ಇಲ್ಲ, ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡೂ ಇಲ್ಲ. ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹಕ್ಕು ಮಾತ್ರ ಇದೆ. ಒಮ್ಮೆ ಈ ತರಬೇತಿ ಪಡೆದವರಿಗೆ ಮತ್ತೊಮ್ಮೆ ಅವಕಾಶವಿಲ್ಲದ ಕಾರಣ, ಮೊದಲು ಸಿಕ್ಕ ಯಾವುದೋ ಕಚೇರಿಯಲ್ಲಿ ಅದನ್ನು ಖರ್ಚು ಮಾಡಬೇಡಿ.

ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಸಿಗುವುದು ನಿರುದ್ಯೋಗದ ಕಾರಣಕ್ಕೆ. ಅಪ್ರೆಂಟಿಸ್ ಸ್ಟೈಪೆಂಡ್ ಪಡೆಯುತ್ತ ಅದನ್ನೂ ಪಡೆಯುವಂತಿಲ್ಲ. ತರಬೇತಿಗೆ ಸೇರಿದ ತಿಂಗಳೇ ತಿಳಿಸಿ ನಿಲ್ಲಿಸಿ.

ಪ್ರಶ್ನೆ: ಮಗಳು ಕನ್ನಡ ಎಂ.ಎ. ಮಾಡಿ ಈಗ ಗ್ರಂಥಾಲಯ ಕೋರ್ಸು ಓದುತ್ತೇನೆ, ಬಳಿಕ ಟ್ರೈನಿಂಗಿಗೆ ಹೋಗುತ್ತೇನೆ ಎನ್ನುತ್ತಾಳೆ. ಪುಸ್ತಕ ಜೋಡಿಸಲು ಇಷ್ಟು ಓದು ಬೇಕೇ? – ಒಬ್ಬ ತಂದೆ, ಹಾಸನ

ಉತ್ತರ: ಪುಸ್ತಕ ಜೋಡಿಸಲು ಬೇಡ ಸ್ವಾಮಿ, ಯಾವ ಪುಸ್ತಕ ಎಂದು ಗುರುತಿಸಲು ಬೇಕು. 1905ರ ಸುಮಾರಿಗೆ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ಆ ಗ್ರಂಥಾಲಯದ ಗ್ರಂಥಪಾಲಕರೇ. ಕನ್ನಡದಲ್ಲಿ ಎಂ.ಎ. ಮಾಡಿದ, ಹಳಗನ್ನಡ ಓದಬಲ್ಲ ಗ್ರಂಥಪಾಲಕಿ ಹಸ್ತಪ್ರತಿ ಸಂಗ್ರಹಗಳಿಗೆ ಬೇಕಾದ ಮನುಷ್ಯಳು.

ಆದರೆ ನಿಮ್ಮ ಆತಂಕದ ಮೂಲ ಜೀವನೋಪಾಯ ಎಂದು ನನಗೆ ಅರ್ಥವಾಗುತ್ತದೆ. ಅದಕ್ಕೆ ಎರಡು ಮಾತು. ಕಾಲೇಜು ಗ್ರಂಥಪಾಲಕರಾಗಲು ಯುಜಿಸಿಯ 2018ರ ನಿಯಮಾವಳಿ ಕೇಳುವುದು ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ ಶೇಕಡ 55 ಅಂಕ ಮತ್ತು ನೆಟ್ ಅಥವಾ ಸ್ಲೆಟ್ ಅರ್ಹತಾ ಪರೀಕ್ಷೆಯ ತೇರ್ಗಡೆ. ಟ್ರೈನಿಂಗಿನ ಪ್ರಮಾಣಪತ್ರ ಇವುಗಳ ಜಾಗ ತುಂಬುವುದಿಲ್ಲ. ಮಗಳು ತರಬೇತಿಯ ವರ್ಷದಲ್ಲೇ ನೆಟ್ ಪರೀಕ್ಷೆಗೂ ಕೂರಲಿ. ಎರಡನೆಯದು, ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಸ್ಥಾಪಿಸಿದ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವಿದೆ. ಅಲ್ಲಿನ ಸ್ನಾತಕೋತ್ತರ ಕೋರ್ಸಿನಲ್ಲಿ ಓದುವಾಗಲೇ ಸ್ಟೈಪೆಂಡ್ ಕೊಡುತ್ತಾರೆ. ಪ್ರವೇಶ ಪರೀಕ್ಷೆ ಬರೆಯಬೇಕು, ಸ್ಪರ್ಧೆ ಇದೆ. ಈಗಿನ ಕೋರ್ಸು ಯಾವುದೇ ಆಗಿರಲಿ, ಒಮ್ಮೆ ಪ್ರಯತ್ನಿಸಲು ಹೇಳಿ.

ಪ್ರಶ್ನೆ: ಸರ್ಕಾರಿ ಕಚೇರಿಯೊಂದರ ದಾಖಲೆ ಕೊಠಡಿಯಲ್ಲಿ ಮೂರು ತಿಂಗಳ ಸ್ಟೈಪೆಂಡ್ ಕೆಲಸದಲ್ಲಿದ್ದೇನೆ. ಹಳೆಯ ಕಡತಗಳಲ್ಲಿ 'ಉಪಯೋಗವಿಲ್ಲದವನ್ನು' ಬೇರ್ಪಡಿಸಿ ರದ್ದಿಗೆ ಹಾಕಲು ಬಾಯಿಮಾತಿನಲ್ಲಿ ಹೇಳಿದ್ದಾರೆ. ಮಾಡಬಹುದೇ?

ಉತ್ತರ: ಬಾಯಿಮಾತಿನ ಮೇಲೆ ಒಂದು ಹಾಳೆಯನ್ನೂ ರದ್ದಿಗೆ ಹಾಕಬೇಡಿ. ಕೇಂದ್ರದಲ್ಲಿ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ, ನಮ್ಮ ರಾಜ್ಯದಲ್ಲಿ 2010ರ ಕಾಯ್ದೆ ಇವೆ. ದಾಖಲೆಯ ವಿಲೇವಾರಿಗೆ ಕ್ರಮವಿದೆ, ಕ್ರಮ ತಪ್ಪಿ ನಾಶ ಮಾಡುವುದು ಅಪರಾಧ. ಕೇಂದ್ರದ ಕಾಯ್ದೆಯಂತೂ 1892ಕ್ಕಿಂತ ಹಿಂದಿನ ದಾಖಲೆಯನ್ನು, ಬಳಸಲಾಗದಷ್ಟು ಹಾಳಾಗಿದ್ದ ಹೊರತು, ನಾಶ ಮಾಡಲೇಬಾರದು ಎನ್ನುತ್ತದೆ. ಯಾವ ಕಡತ ಯಾವ ವರ್ಗದ್ದು, ಅದನ್ನು ಎಷ್ಟು ವರ್ಷ ಇಡಬೇಕು ಎಂಬುದನ್ನು ತೀರ್ಮಾನಿಸುವವರು ಸಂಬಂಧಪಟ್ಟ ಅಧಿಕಾರಿಗಳು, ತರಬೇತಿಯವರಲ್ಲ. ನೀವು ಮಾಡಬಹುದಾದದ್ದು ಇಷ್ಟು: ಕಡತದ ಸಂಖ್ಯೆ, ವಿಷಯ, ವರ್ಷ, ಮುಖಪುಟದ ಮೇಲಿರುವ ವರ್ಗದ ಅಕ್ಷರ ಇವನ್ನು ಪಟ್ಟಿ ಮಾಡಿ, 'ತೀರ್ಮಾನಕ್ಕಾಗಿ' ಎಂದು ಬರೆದು ಮೇಲಧಿಕಾರಿಗೆ ಕೊಟ್ಟು, ಒಂದು ಪ್ರತಿಯ ಮೇಲೆ ಸ್ವೀಕೃತಿ ಪಡೆಯುವುದು. ಅವರು ಬೇಸರಪಟ್ಟುಕೊಂಡಾರು. ಮುಂದೊಂದು ದಿನ ಜಮೀನಿನ ವ್ಯಾಜ್ಯದಲ್ಲಿ ಆ ಕಡತವನ್ನು ನ್ಯಾಯಾಲಯ ಕೇಳಿದಾಗ ನಿಮ್ಮ ಕೈಬರಹ ಹುಡುಕಿಕೊಂಡು ಬರುವುದಕ್ಕಿಂತ ಈ ಬೇಸರ ವಾಸಿ.

ಪ್ರಶ್ನೆ: ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಕೋರ್ಸಿಗೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದೇನೆ. ಇಲ್ಲಿ ಗ್ರಂಥಾಲಯದಲ್ಲಿ ಸಂಬಳದ ಕೆಲಸ ಮಾಡಬಹುದೇ? ಮೈಸೂರಿನ ಹುಡುಗನಿಗೆ ಯಾರು ಕೊಡುತ್ತಾರೆ ಎಂಬ ಅಳುಕಿದೆ.

ಉತ್ತರ: ಕ್ಯಾಂಪಸ್ಸಿನೊಳಗೆ, ಸೆಮಿಸ್ಟರ್ ನಡೆಯುತ್ತಿರುವಾಗ ವಾರಕ್ಕೆ 20 ಗಂಟೆಗಳವರೆಗೆ ಮಾಡಬಹುದು, ಗಂಟೆಯ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಕ್ಯಾಂಪಸ್ಸಿನ ಹೊರಗಿನ ಪತ್ರಾಗಾರದಲ್ಲಿ ಇಂಟರ್ನ್‌ಶಿಪ್ ಮಾಡಬೇಕಾದರೆ ಅದು ನಿಮ್ಮ ಪಠ್ಯಕ್ರಮದ ಭಾಗವಾಗಿರಬೇಕು, ಸೇರುವ ಮೊದಲೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಸಿಪಿಟಿ ಎಂಬ ಅನುಮತಿ ಪಡೆದಿರಬೇಕು. 'ಸಂಬಳ ಬೇಡ, ಸುಮ್ಮನೆ ಬಂದು ಮಾಡುತ್ತೇನೆ' ಎಂದು ಆ ಕಚೇರಿಯನ್ನು ಕೇಳದೆ ಹೋಗಬೇಡಿ. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿದರೂ ವೀಸಾಕ್ಕೆ ತೊಂದರೆಯಾಗಬಹುದು.

ಅಳುಕು ಬಿಡಿ. 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅಮೆರಿಕ ಭಾರತಕ್ಕೆ ಗೋಧಿ ಮಾರಿದ ಪಿ.ಎಲ್. 480 ಕಾನೂನಿನಡಿ, ಆ ಗೋಧಿಗೆ ಭಾರತ ಕೊಟ್ಟ ರೂಪಾಯಿಗಳಿಂದಲೇ ಭಾರತದ ಪುಸ್ತಕಗಳನ್ನು ಕೊಳ್ಳಲು ಆರಂಭಿಸಿತು. ಅಂದಿನಿಂದ ಅಲ್ಲಿನ ಹಲವು ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ಕನ್ನಡ ಪುಸ್ತಕಗಳು ಕುಳಿತಿವೆ. ಅವನ್ನು ಕ್ಯಾಟಲಾಗ್‌ನಲ್ಲಿ ಸೇರಿಸಲು ಅಲ್ಲಿನ ಗ್ರಂಥಾಲಯಗಳು ಲಿಪ್ಯಂತರಕ್ಕೆ ಬಳಸುವ ಎಎಲ್‌ಎ-ಎಲ್‌ಸಿ ಪದ್ಧತಿಯಲ್ಲಿ ರೋಮನ್ ಲಿಪಿಗೆ ತರಬೇಕು, ಅಲ್ಲಿ 'ಲ'ಕ್ಕೂ 'ಳ'ಕ್ಕೂ, 'ನ'ಕ್ಕೂ 'ಣ'ಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕಿ. ಆ ಚುಕ್ಕಿ ತಪ್ಪಿದ ಪುಸ್ತಕವನ್ನು ಹುಡುಕುವವರಿಗೆ ಅದು ಸಿಗುವುದೇ ಕಷ್ಟ. ನಿಮ್ಮ ವಿಶ್ವವಿದ್ಯಾಲಯದ ಕ್ಯಾಟಲಾಗ್‌ನಲ್ಲಿ ಒಂದು ಸಂಜೆ ಕುಳಿತು ಕನ್ನಡ ಶೀರ್ಷಿಕೆಗಳನ್ನು ಹುಡುಕಿ, ಇಂಥ ತಪ್ಪು ಹತ್ತು ಸಿಕ್ಕರೆ ತಿದ್ದುಪಡಿಯೊಂದಿಗೆ ಪಟ್ಟಿ ಮಾಡಿ ದಕ್ಷಿಣ ಏಷ್ಯಾ ವಿಭಾಗದ ಗ್ರಂಥಪಾಲಕರಿಗೆ ಕಳುಹಿಸಿ. ಕೆಲಸದ ಅರ್ಜಿಯನ್ನು ಅದರ ಕೆಳಗೆ ಲಗತ್ತಿಸಿ.